ಮಂಕು ಗಿಡದ ಆಷಾಢ

ಚಾಮರಾಜಪೇಟೆ
28 ಜೂನ್ 2025

ಪ್ರೀತಿಯ ಅತ್ತೆಗೆ ನಮಸ್ಕಾರಗಳು!

ನಾನು ತವರಿಗೆ ಬಂದು ಇನ್ನೂ ಮೂರು ದಿನ. ಆಗಲೇ ಮೂರು ವರ್ಷ ಆದ ಹಾಗಿದೆ! ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಆಷಾಢ ಬಂದು ನನ್ನನ್ನು ಎತ್ತಿ ಇಲ್ಲಿಗೆ ಹಾಕಿದೆ. ನಿಮ್ಮ ಅತ್ತೆ ಲಕ್ಕಮ್ಮಜ್ಜಿಗೆ ಬೆಳಿಗ್ಗೆ ತಿಂಡಿ ತಿಂದದ್ದು ಮರೆತುಹೋಗುತ್ತದೆ, ಆದರೆ "ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಕಳಿಸು ಅವಳನ್ನ" ಅನ್ನುವುದು ಮಾತ್ರ ಮರೆಯಲಿಲ್ಲ ನೋಡಿ.

ಫೋನ್ ಮಾಡೋಣ ಅಂದರೆ ನೀವು ಫೋನ್ ಹಿಡಿದ ಕೂಡಲೇ ಅಜ್ಜಿ "ಯಾರ ಹತ್ರ ನನ್ನ ದೂರ್ತಿದೀಯ?" ಅಂತ ಅಳುತ್ತಾರೆ. ಮೆಸೇಜು ಓದಲು ನಿಮಗೆ ಕಣ್ಣು ನೋಯುತ್ತದೆ. ಅದಕ್ಕೇ ಈ ದೊಡ್ಡ ಅಕ್ಷರದ ಪತ್ರ. ಅಂಚೆಯಣ್ಣ ನಿಮ್ಮ ಮಗ ಲಿಖಿತ್. ಬ್ಯಾಂಕಿನ ಊಟದ ಹೊತ್ತಿಗೆ ಇಲ್ಲಿನ ಮಕ್ಕಳ ಕೂಟದ ಪಾರ್ಕಿನ ಹತ್ತಿರ ಬರುತ್ತಾರೆ, ಟಿಫನ್ ಬ್ಯಾಗಿನಲ್ಲಿ ಪತ್ರ. ಸ್ಕೂಟರ್ ನಿಲ್ಲಿಸಿ ಕಾಲೇಜು ಹುಡುಗನ ಹಾಗೆ ಕೂದಲು ಸರಿಮಾಡಿಕೊಳ್ಳುತ್ತಾರೆ. ನನಗೆ ನಗು ತಡೆಯಲಾಗುವುದಿಲ್ಲ!

ಈಗ ಒಂದು ಸಹಾಯ, ಅತ್ತೆ. ಬಾಲ್ಕನಿಯಲ್ಲಿ ನಾನು ಲ್ಯಾಬಿನಿಂದ ತಂದಿಟ್ಟ ಎರಡು ಆರ್ಕಿಡ್ ಕುಂಡಗಳಿವೆಯಲ್ಲ, ಅವು ಒಂದೇ ಕಾಯಿಯ ಬೀಜದಿಂದ ಹುಟ್ಟಿದ ಅಕ್ಕತಂಗಿಯರು. ಒಂದರ ಹೂವು ಮಖಮಲ್ಲಿನ ಹಾಗೆ, ಮುಟ್ಟಿದರೆ ಬೆರಳು ನಿಂತುಬಿಡುತ್ತದೆ. ಇನ್ನೊಂದು ಮಂಕು. ವಿಚಿತ್ರ ಏನು ಗೊತ್ತಾ? ಎರಡರಲ್ಲೂ ಬಣ್ಣ ಅಷ್ಟೇ ಇದೆ! ಅರೆದು, ಸೋಸಿ, ಅಳೆದು ನೋಡಿದ್ದೇನೆ. ಮಖಮಲ್ಲಿನ ದಳದಲ್ಲಿ ಮೇಲ್ಮೈಯ ಒಂದೊಂದು ಜೀವಕೋಶವೂ ಪುಟ್ಟ ಗೋಪುರದ ಹಾಗೆ ಎದ್ದು ನಿಂತು ಬೆಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಮಂಕಿನಲ್ಲಿ ಎಲ್ಲವೂ ಚಪ್ಪಟೆ ಮಲಗಿವೆ. ಬೆಳಕು ಬಂದ ದಾರಿಯಲ್ಲೇ ವಾಪಸ್. ಕೋಶಗಳಿಗೆ "ಏಳಿ" ಅಂತ ಹೇಳುವ ಒಂದು ಜೀನ್ ಇದೆ. ಮಂಕು ಗಿಡದಲ್ಲಿ ಅದು ಹೇಳುತ್ತಲೇ ಇಲ್ಲವೋ, ಹೇಳಿದರೂ ಕೋಶಗಳು ಕೇಳುತ್ತಿಲ್ಲವೋ? ನನ್ನ ಐದು ವರ್ಷದ ಪಿಎಚ್‌ಡಿ ಈ ಒಂದು ಪ್ರಶ್ನೆ.

ಆ ಜೀನ್ ಮಾತಾಡುವುದು ಮೊಗ್ಗು ಚಿಕ್ಕದಿರುವಾಗ ಮಾತ್ರ. ಮೊಗ್ಗು ಕಡಲೆಕಾಳಿನಷ್ಟಾದಾಗ, ಅವರೆಕಾಳಿನಷ್ಟಾಗುವ ಮೊದಲು, ಚಿಮಟದಲ್ಲಿ ಹಿಡಿದು ಬ್ಲೇಡಿನಿಂದ ಕತ್ತರಿಸಿ, ಕೂಡಲೇ ಔಷಧಿ ಇರುವ ಟ್ಯೂಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಆಯಿತು. ಮಂಕು ಗಿಡದಿಂದ ಕನಿಷ್ಠ ಮೂರು ಮೊಗ್ಗು ಬೇಕು. ಈ ಗಿಡ ಹೂ ಬಿಡುವುದು ವರ್ಷಕ್ಕೆ ಒಂದೇ ಸಲ, ನನ್ನ ಗೈಡ್ ಡಿಸೆಂಬರಿನಲ್ಲಿ ನಿವೃತ್ತಿ. ಹಾಗಾಗಿ ಇದೇ ಕೊನೆಯ ಅವಕಾಶ. ಕುಂಡವನ್ನು ಇಲ್ಲಿಗೆ ತರಿಸಿಕೊಂಡರೆ ಜಾಗ ಬದಲಾದ ಕೋಪಕ್ಕೆ ಮೊಗ್ಗೆಲ್ಲ ಉದುರಿಸಿಬಿಡುತ್ತದೆ. ಲಿಖಿತ್‌ಗೆ ಹೇಳಿದ್ದೆ. ಅವರು ಮೊಗ್ಗಿನ ಕಡ್ಡಿ ಅಂತ ಬೇರನ್ನು ಕತ್ತರಿಸಿ ತಂದುಕೊಟ್ಟರು!

ದಿನಾ ಒಂದು ಸಲ ಇಣುಕಿ ನೋಡಿದರೆ ಸಾಕು. ಐದೇ ನಿಮಿಷ!

ನಿಮ್ಮ ಹೊಚ್ಚ ಹೊಸ ಸೊಸೆ,
ಯಶಶ್ರೀ

---

ಹನುಮಂತನಗರ
1 ಜುಲೈ 2025

ಚಿ. ಸೌ. ಯಶಶ್ರೀಗೆ ಆಶೀರ್ವಾದಗಳು.

ಹಾಲು ಉಕ್ಕುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಗಿಡ ನೋಡಿದೆ. ಮಂಕಿನ ಕಡ್ಡಿಯಲ್ಲಿ ಏಳು ಮೊಗ್ಗು, ತುದಿಯದು ಕಾಣಿಸುವುದೇ ಇಲ್ಲ. ಕೆಳಗಿನವು ಸಾಸಿವೆಗಿಂತ ಸ್ವಲ್ಪ ದಪ್ಪ.

ಹೇಳಿದರೂ ಕೇಳದೇ ಇರುವ ಸಾಧ್ಯತೆ ಬಗ್ಗೆ ಬರೆದಿದ್ದೀಯ. ಅದರಲ್ಲಿ ನನಗೆ ಅನುಭವ ಇದೆ, ಬೇಕಾದರೆ ನನ್ನನ್ನೂ ನಿನ್ನ ಪುಸ್ತಕದಲ್ಲಿ ಸೇರಿಸಿಕೋ.

ಅಜ್ಜಿ ರಾತ್ರಿ ಮಲಗುವುದಿಲ್ಲ, ಹಾಗಾಗಿ ನಾನೂ. ಕೊಡೆ ತೆಗೆದುಕೊಂಡು ಹೋಗು, ಸಂಜೆ ಮೋಡ.

ವಾಣಿ

---

ಚಾಮರಾಜಪೇಟೆ
2 ಜುಲೈ 2025

ಅತ್ತೆ, ನೀವು ಇಷ್ಟು ತಮಾಷೆ ಮಾಡುತ್ತೀರಿ ಅಂತ ಗೊತ್ತೇ ಇರಲಿಲ್ಲ! ಅಮ್ಮನಿಗೂ ಓದಿ ಹೇಳಿದೆ. "ಬೀಗಿತ್ತಿ ಮದುವೆ ಮನೇಲಿ ಒಂದು ಮಾತೂ ಆಡ್ಲಿಲ್ವಲ್ಲೇ" ಅಂತ ಅಮ್ಮ ಆಶ್ಚರ್ಯಪಟ್ಟಳು.

ಸಾಸಿವೆಗಿಂತ ದಪ್ಪ ಅಂದರೆ ಸರಿಯಾದ ದಾರಿಯಲ್ಲಿದೆ. ನಾಳೆಯಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡುತ್ತೀರಾ? ನೀರು ಎಲೆಗೆ ಬೀಳಬಾರದು, ಬೇರಿಗೆ ಮಾತ್ರ. ಮಧ್ಯಾಹ್ನದ ಬಿಸಿಲಿಗೆ ಹಳೇ ಪಂಚೆ ಅಡ್ಡ ಕಟ್ಟಿ. ಇರುವೆ ಬಂದರೆ ಅರಿಸಿನದ ಗೆರೆ ಎಳೆದುಬಿಡಿ. ಆಗುವುದಾದರೆ ಒಂದು ಫೋಟೋ, ಪಕ್ಕದಲ್ಲಿ ಕಡಲೆಕಾಳು ಇಟ್ಟು, ದಿನಾ? ಲಿಖಿತ್ ಫೋನಿನಲ್ಲಿ?

ನಾನಿಲ್ಲಿ ಹತ್ತು ಗಂಟೆವರೆಗೆ ಮಲಗುತ್ತೇನೆ. ಆಷಾಢ ಅಂದರೆ ಇಷ್ಟು ಚೆನ್ನಾಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ!

ಯಶು

---

ಹನುಮಂತನಗರ
6 ಜುಲೈ 2025

ಯಶು,

ಕೆಳಗಿನ ಮೂರು ಮೊಗ್ಗು ಹೆಸರುಕಾಳಿನಷ್ಟು ಆಗಿವೆ. ನಿನ್ನೆ ನೋಡಲಾಗಲಿಲ್ಲ. ಮೊನ್ನೆಯೂ ಇಲ್ಲ. ಅಜ್ಜಿ ಬಚ್ಚಲಲ್ಲಿ ಜಾರಿ ಕೂತುಬಿಟ್ಟರು. ಏನೂ ಆಗಿಲ್ಲ. ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು.

ಫೋಟೋ ಕಳಿಸಲು ಆಗುವುದಿಲ್ಲ.

ವಾಣಿ

---

ಚಾಮರಾಜಪೇಟೆ
7 ಜುಲೈ 2025

ಅಯ್ಯೋ ಅತ್ತೆ, ಅಮೃತಾಂಜನ ಹಚ್ಚಿ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಲಿಖಿತ್ ಕೈಗೆ ಬೆಲ್ಟು ಕಳಿಸಿದ್ದೇನೆ.

ಆದರೆ ಎರಡು ದಿನ ನೋಡಲಿಲ್ಲ ಅಂತ ಓದಿ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ಹೆಸರುಕಾಳಿನಿಂದ ಕಡಲೆ ಆಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಅವರೆಕಾಳಾದರೆ ಮುಗಿಯಿತು, ಜೀನ್ ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ನಾನು ಎಷ್ಟು ಕೇಳಿದರೂ ಉತ್ತರವಿಲ್ಲ. ಐದು ವರ್ಷ, ಅತ್ತೆ! ದಯವಿಟ್ಟು ಅಲಾರಂ ಇಟ್ಟುಕೊಳ್ಳಿ. ಐದು ನಿಮಿಷದ ಕೆಲಸ, ಅಜ್ಜಿ ನಿದ್ದೆ ಹೋದಾಗ ಮಾಡಬಹುದಲ್ಲವಾ? ಪ್ಲೀಸ್ ಪ್ಲೀಸ್.

ಯಶು

---

ಹನುಮಂತನಗರ
11 ಜುಲೈ 2025, ಶುಕ್ರವಾರ

ಯಶಶ್ರೀ,

ನನ್ನಿಂದ ಆಗುವುದಿಲ್ಲಮ್ಮ.

ಕೋಪ ಅಂದುಕೊಳ್ಳಬೇಡ. ಕೋಪ ಮಾಡಿಕೊಳ್ಳುವುದಕ್ಕೂ ಸ್ವಲ್ಪ ಶಕ್ತಿ ಬೇಕು. ನಿನ್ನ ಬ್ಲೇಡು ಹಿಡಿದು ನೋಡಿ ಮತ್ತೆ ಅಲ್ಲೇ ಇಟ್ಟೆ. ಏಳೇ ಮೊಗ್ಗು ಇರುವುದು, ತಪ್ಪು ಕಡೆ ಕತ್ತರಿಸಿ ನಿನ್ನ ಐದು ವರ್ಷ ನನ್ನ ತಲೆಗೆ ಬರುವುದು ಬೇಡ.

ಅಜ್ಜಿ ನಿದ್ದೆ ಹೋದಾಗ ಮಾಡಬಹುದಲ್ಲವಾ ಅಂತ ಕೇಳಿದ್ದೀಯ. ಅಜ್ಜಿ ನಿದ್ದೆ ಹೋದಾಗ ನಾನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿರುತ್ತೇನೆ. ಕೂತರೆ ಏಳುವುದು ಕಷ್ಟ ಅಂತ ಕೂರುವುದಿಲ್ಲ.

ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆದಾರರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ, ನಿನಗೆ ಲಿಖಿತ್ ಹೇಳಿರಬಹುದು. ಮದುವೆಯಾದ ವರ್ಷ ಆಷಾಢಕ್ಕೆ ವೈಯಾಲಿಕಾವಲಿನ ತವರಿಗೆ ಹೋದೆ. ನಿನ್ನ ಹಾಗೇ ಹತ್ತು ಗಂಟೆವರೆಗೆ ಮಲಗಿದೆ. ನಮ್ಮಮ್ಮ ತಲೆಗೆ ಎಣ್ಣೆ ಹಚ್ಚಿದಳು. ಆಮೇಲೆ ವಾಪಸ್ ಬಂದೆ. ಅದಾದ ಮೇಲೆ ಯಾರೂ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಈಗ ತವರಿನ ಜಾಗದಲ್ಲಿ ಅಪಾರ್ಟ್‌ಮೆಂಟು ಇದೆ.

ಅಜ್ಜಿಯ ಮಾತಿಗೆ ನಾನು ನಿನ್ನನ್ನು ಕಳಿಸಿದೆ ಅಂದುಕೊಂಡಿದ್ದೀಯ. ಅಜ್ಜಿ ಸುಮ್ಮನಿದ್ದಿದ್ದರೂ ಕಳಿಸುತ್ತಿದ್ದೆ. ಮಲಗಿಕೋ, ಯಶು. ಹೂವು ಹೋದರೆ ಹೋಗಲಿ ಅನ್ನುವುದಿಲ್ಲ, ಆದರೆ ನನ್ನನ್ನು ಬಿಡು.

ವಾಣಿ

---

ಚಾಮರಾಜಪೇಟೆ
12 ಜುಲೈ 2025

ಅತ್ತೆ,

ನಿಮ್ಮ ಪತ್ರ ಮೂರು ಸಲ ಓದಿದೆ. ಮೊದಲ ಸಲ ನನಗೆ ಅಳು ಬಂದದ್ದು ಮೊಗ್ಗಿಗೆ. ಅದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ಹೆಸರುಕಾಳು, ಕಡಲೆಕಾಳು ಅಂತ ಅಳತೆ ಕೇಳುತ್ತಾ ಕೂತಿದ್ದೆ. ನೀವು ಹೇಗಿದ್ದೀರಿ ಅಂತ ಒಂದು ಪತ್ರದಲ್ಲೂ ಕೇಳಿಲ್ಲ.

ಒಂದು ಯೋಚನೆ ಬಂದಿದೆ, ನಗಬೇಡಿ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅಂತ ತಾನೇ ಇರುವುದು? ಇಬ್ಬರಲ್ಲಿ ಹೊರಗೆ ಹೋಗಬೇಕಾದವರು ಯಾರು ಅಂತ ಯಾರಾದರೂ ಹೇಳಿದ್ದಾರಾ? ನಾನು ಅಲ್ಲಿಗೆ ಬರುತ್ತೇನೆ, ನೀವು ಇಲ್ಲಿಗೆ ಬನ್ನಿ. ಶಾಸ್ತ್ರವೂ ಉಳಿಯುತ್ತದೆ, ಮೊಗ್ಗೂ ಉಳಿಯುತ್ತದೆ, ನಿಮ್ಮ ಸೊಂಟವೂ ಉಳಿಯುತ್ತದೆ!

ಬೀಗರ ಮನೆಗೆ ಗಂಡಿನ ತಾಯಿ ಬಂದು ಉಳಿಯುವುದಾ, ಜನ ಏನೆನ್ನುತ್ತಾರೆ ಅಂತ ನೀವು ಕೇಳುತ್ತೀರಿ ಅಂತ ಗೊತ್ತು. ಅಮ್ಮನನ್ನು ಕೇಳಿದೆ. "ಜನಕ್ಕೆ ನಾನು ಒಬ್ಬಟ್ಟು ಕೊಡಲ್ಲ, ಬೀಗಿತ್ತಿಗೆ ಕೊಡ್ತೀನಿ. ಬರ್ಲಿ" ಅಂದಳು. ನಾನು ಅಜ್ಜಿಯ ರೂಮಿನಲ್ಲಿ ಮಲಗುತ್ತೇನೆ, ಲಿಖಿತ್ ಹಾಲ್‌ನಲ್ಲಿ. ನಡುವೆ ಲಕ್ಕಮ್ಮಜ್ಜಿಯ ಕಾವಲು! ಆಷಾಢಕ್ಕೆ ಇದಕ್ಕಿಂತ ಬಂದೋಬಸ್ತು ಬೇಕಾ?

ನಾಳೆ ಭಾನುವಾರ. ನೀವು ಮೊದಲು ಹೊರಡಿ, ಆಟೋ ತಿರುವು ದಾಟಿದ ಮೇಲೆ ನಾನು ಒಳಗೆ ಬರುತ್ತೇನೆ.

ಯಶು

---

(ಅಡುಗೆಮನೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯ ಕೆಳಗೆ)
13 ಜುಲೈ

ಯಶು,

ಅಜ್ಜಿಯ ಬೆಳಗಿನ ಮಾತ್ರೆ ಹಳದಿ ಡಬ್ಬಿ, ರಾತ್ರಿಯದು ನೀಲಿ. ಮುದ್ದೆ ಬೇಡ, ಗಂಟಲಲ್ಲಿ ನಿಲ್ಲುತ್ತದೆ. ಮೊಸರನ್ನ ಕಲೆಸಿ ಕೊಡು. ಸ್ನಾನಕ್ಕೆ ಕರೆದರೆ ಬರುವುದಿಲ್ಲ, ಸೆಕೆ ಅಂತ ನೀನೇ ಹೇಳಿಕೋ, ಆಗ ಎದ್ದು ಬರುತ್ತಾರೆ. ಕನ್ನಡಕ ದಿಂಬಿನ ಕೆಳಗಿರುತ್ತದೆ. ಬೀಗದ ಕೈ ಸೆರಗಿಗೆ ಕಟ್ಟಿಕೊಂಡಿದ್ದಾರೆ, ಬಿಚ್ಚಬೇಡ, ಅದಕ್ಕೆ ಬೀಗವಿಲ್ಲ.

ಇನ್ನೇನಾದರೂ ಇದ್ದರೆ ನೆನಪಾದಾಗ ಹೇಳುತ್ತೇನೆ. ಮೊಗ್ಗು ಈಗಷ್ಟೇ ನೋಡಿದೆ, ಕಡಲೆಗೆ ಇನ್ನೂ ಸ್ವಲ್ಪ ಕಡಿಮೆ.

ವಾಣಿ

---

ಚಾಮರಾಜಪೇಟೆ
16 ಜುಲೈ 2025, ಬುಧವಾರ ಬೆಳಿಗ್ಗೆ

ಯಶು,

ನಾನು ಮಲಗಿದ್ದೆ. ಬರೆಯಲು ಬೇರೆ ಸಮಾಚಾರ ಇಲ್ಲ, ಭಾನುವಾರ ಬಂದವಳು ಮಂಗಳವಾರದ ತನಕ ಮಲಗಿದ್ದೆ ಅಂತಲೇ ಹೇಳಬಹುದು. ಊಟಕ್ಕೆ ಎಬ್ಬಿಸಿದಾಗ ಎದ್ದು ಊಟ ಮಾಡಿ ಮತ್ತೆ ಮಲಗಿದೆ. ನಿಮ್ಮಮ್ಮ ನಿನ್ನೆ ನನ್ನ ಉಗುರಿಗೆ ಬಣ್ಣ ಹಚ್ಚಿದರು. ಬೇಡ ಅಂದೆ. "ಏನ್ರೀ, ಯಾರು ನೋಡ್ತಾರೆ ಇಲ್ಲಿ? ನಾವಿಬ್ರೇ" ಅಂದರು. ತಿಳಿ ಗುಲಾಬಿ. ಪತ್ರ ಬರೆಯುವಾಗ ಯಾರದೋ ಕೈ ನೋಡಿದ ಹಾಗಾಗುತ್ತಿದೆ.

ಮೊಗ್ಗು ಕತ್ತರಿಸಿದೆಯಾ? ಲಿಖಿತ್‌ನನ್ನು ಕೇಳಿದರೆ "ಎಲ್ಲ ಸರಿಯಾಗಿದೆ ಅಮ್ಮ" ಅಂತಾನೆ. ಅವನು ಹಾಗಂದರೆ ನನಗೆ ಭಯ.

ವಾಣಿ

---

ಹನುಮಂತನಗರ
19 ಜುಲೈ 2025

ಅತ್ತೆ,

ಈಗ ಅಜ್ಜಿ ಮಲಗಿದ್ದಾರೆ. ಜ್ವರ ಬಿಟ್ಟಿದೆ. ಮೊದಲೇ ಹೇಳಿದರೆ ನೀವು ಆ ಕ್ಷಣ ಆಟೋ ಹತ್ತುತ್ತೀರಿ ಅಂತ ಲಿಖಿತ್ ಬಾಯಿಗೂ ಬೀಗ ಹಾಕಿದ್ದೆ.

ಮದುವೆಯಾದ ಮೇಲೆ ದೀಪ ಹಚ್ಚುವ ಹೊತ್ತಿಗೆ ನಾನು ಲ್ಯಾಬಿನಲ್ಲೇ ಇರುತ್ತಿದ್ದೆ, ಈ ಭಾನುವಾರ, ಸೋಮವಾರ ಅಜ್ಜಿ ಬೇಗ ನಿದ್ದೆ ಹೋಗಿದ್ದರು. ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಕಡೆ ನೋಡುತ್ತಾ "ರಾಮಾಂಜಿನಿ ಬಂದ್ನಾ?" ಅಂತ ಕೇಳಿದರು. ನಾನು ಅವರ ಕೈ ಹಿಡಿದುಕೊಂಡು, ತುಂಬ ಮೆತ್ತಗೆ, "ಅಜ್ಜಿ, ಮಾವ ತೀರಿಹೋಗಿ ಐದು ವರ್ಷ ಆಯ್ತಲ್ವಾ" ಅಂದೆ. ನಿಜ ಹೇಳಿದರೆ ಒಳ್ಳೆಯದು ಅಂದುಕೊಂಡೆ, ಅತ್ತೆ. ನಾನು ಓದಿದ್ದರಲ್ಲಿ ಯಾವಾಗಲೂ ಹಾಗೇ ಇತ್ತು.

ಅಜ್ಜಿಗೆ ಅದು ಆಗತಾನೇ ಬಂದ ಸುದ್ದಿ. "ನನ್ ಮಗ ಹೋದ್ನೇನೇ? ನಂಗೆ ಯಾಕೆ ಯಾರೂ ಹೇಳ್ಲಿಲ್ಲ?" ಅಂತ ಎದೆ ಬಡಿದುಕೊಂಡು ಅತ್ತರು. ಪಕ್ಕದ ಮನೆಯವರು ಓಡಿಬಂದರು. ಸ್ವಲ್ಪ ಹೊತ್ತಿಗೆ ಮರೆತರು. ಮರೆತು ಮತ್ತೆ ಬಾಗಿಲು ನೋಡಿ ಮತ್ತೆ ಕೇಳಿದರು. ನನ್ನ ಮುಖ ನೋಡಿಯೇ ಗೊತ್ತಾಗಿ ಮತ್ತೆ ಮೊದಲಿನಿಂದ ಅತ್ತರು. ಊಟ ಬಿಟ್ಟರು. ಬುಧವಾರ ಜ್ವರ. ಗುರುವಾರ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿದರು, ನಿನ್ನೆ ಸಂಜೆ ಮನೆಗೆ ಕಳಿಸಿದರು.

ಇವತ್ತು ಬೆಳಿಗ್ಗೆ ಬಾಲ್ಕನಿಗೆ ಹೋದೆ. ಮೊಗ್ಗುಗಳು ಅವರೆಕಾಳನ್ನು ದಾಟಿ ಬಾದಾಮಿಯಷ್ಟಾಗಿವೆ. ಗೈಡ್‌ಗೆ ಫೋನ್ ಮಾಡಿದೆ. "ಆಯ್ತು ಬಿಡಮ್ಮ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಈಗ ಅಳುವಷ್ಟೂ ಎಚ್ಚರವಿಲ್ಲ. ನೀವು ಅಡುಗೆಮನೆ ಬಾಗಿಲಿಗೆ ಯಾಕೆ ಒರಗಿ ನಿಲ್ಲುತ್ತಿದ್ದಿರಿ ಅಂತ ಗೊತ್ತಾಯಿತು. ಆ ಜಾಗದಲ್ಲಿ ಬಣ್ಣ ಸವೆದಿದೆ, ಮೊನ್ನೆ ನನ್ನ ತಲೆ ಸರಿಯಾಗಿ ಅಲ್ಲೇ ಕೂತಿತು.

ಯಶು

---

ಚಾಮರಾಜಪೇಟೆ
20 ಜುಲೈ 2025

ಯಶು,

ತಪ್ಪು ನನ್ನದು. ಮಾತ್ರೆ ಬರೆದೆ, ಮೊಸರನ್ನ ಬರೆದೆ, ಬೀಗವಿಲ್ಲದ ಬೀಗದ ಕೈಯನ್ನೂ ಬರೆದೆ. ಇದನ್ನು ಬರೆಯಲಿಲ್ಲ. ಮುಚ್ಚಿಟ್ಟದ್ದಲ್ಲ. ಬಾಗಿಲು ತೆಗೆಯುವಾಗ ಚಿಲಕ ಎತ್ತಬೇಕು ಅಂತ ಯಾರಾದರೂ ಬರೆಯುತ್ತಾರಾ, ಹಾಗೆ.

ಅವರು ಕೇಳಿದಾಗ "ಸೈಟ್ ಹತ್ರ ಹೋಗಿದಾರೆ, ಬರ್ತಾರೆ" ಅನ್ನಬೇಕು. "ಊಟ ಮಾಡ್ಕೊಂಡು ಹೋದ್ನಾ?" ಅಂತ ಕೇಳುತ್ತಾರೆ. "ಮಾಡಿದ್ರು" ಅನ್ನಬೇಕು. ಅಷ್ಟೇ. ಆಮೇಲೆ ಸುಮ್ಮನಾಗುತ್ತಾರೆ.

ನಾನು ಇವತ್ತೇ ಬರುತ್ತೇನೆ ಅಂತ ಚೀಲ ಕಟ್ಟಿದೆ. ನಿಮ್ಮಮ್ಮ ಚೀಲ ಕಿತ್ತುಕೊಂಡು ಬೀರುವಿನ ಮೇಲೆ ಹಾಕಿದರು. ನನ್ನ ಕೈಗೆ ಎಟಕುವುದಿಲ್ಲ.

ನಿನ್ನ ಮೊಗ್ಗಿನ ವಿಷಯ ಒಂದು ಕೇಳಬೇಕು. ತುದಿಯದು ಒಂದಿತ್ತಲ್ಲ, ಕಾಣಿಸದೇ ಇರುವಷ್ಟು ಚಿಕ್ಕದು. ಅದನ್ನು ನೋಡಿದೆಯಾ?

ವಾಣಿ

---

ಚಾಮರಾಜಪೇಟೆ
22 ಜುಲೈ 2025

ಯಶು,

ಒಂದು ವಿಷಯ ಹೇಳಬೇಕು. ಎದುರಿಗೆ ಸಿಕ್ಕರೆ ಹೇಳಲಾರೆ, ಅದಕ್ಕೇ ಈ ಪತ್ರ.

ಕಳೆದ ಬುಧವಾರ ನಿನಗೆ ಪತ್ರ ಕೊಟ್ಟು ಕಳಿಸಿದ ಮೇಲೆ, ಸಂಜೆ ಇಲ್ಲಿ ವರಾಂಡದಲ್ಲಿ ಕೂತಿದ್ದೆ. ನಿಮ್ಮಮ್ಮ ಅವರೆಕಾಯಿ ಅಲ್ಲ, ಬಟಾಣಿ ಸುಲಿಯುತ್ತಿದ್ದರು. ದೀಪ ಹಚ್ಚುವ ಹೊತ್ತಾಯಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನು ಕಾಯುತ್ತಾ ಇದ್ದೆ, ಅದು ಆಮೇಲೆ ಗೊತ್ತಾಯಿತು. ಬಾಯಲ್ಲಿ ಉತ್ತರ ರೆಡಿ ಇತ್ತು, ಕೇಳುವವರಿರಲಿಲ್ಲ.

ಐದು ವರ್ಷ ದಿನಾ ಸಂಜೆ ನಿನ್ನ ಮಾವ ಸೈಟ್ ಹತ್ತಿರ ಹೋಗಿದ್ದರು, ಊಟ ಮಾಡಿಕೊಂಡು ಹೋಗಿದ್ದರು, ಬರುವವರಿದ್ದರು. ಅಜ್ಜಿಗೆ ಹೇಳುತ್ತಿದ್ದೆ ಅಂದುಕೊಂಡಿದ್ದೆ. ಅವರು ಹೋದ ದಿನ ಅಜ್ಜಿಯನ್ನು ಹಿಡಿದುಕೊಳ್ಳುವುದರಲ್ಲೇ ನನಗೆ ಅಳಲು ಪುರಸೊತ್ತು ಇರಲಿಲ್ಲ. ಆಮೇಲೆ ಅಳುವುದಕ್ಕೆ ಕಾರಣವೂ ಇರಲಿಲ್ಲ, ಬರುತ್ತಾರಲ್ಲ.

ಅವರು ಕಳೆದ ಬುಧವಾರ ಚಾಮರಾಜಪೇಟೆಯಲ್ಲಿ ತೀರಿಕೊಂಡರು, ಯಶು.

ನಿಮ್ಮಮ್ಮ ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟು ನನ್ನ ಹತ್ತಿರ ಬಂದು ಕೂತರು. ಯಾಕೆ ಅಂತ ಕೇಳಲಿಲ್ಲ. ಒಳ್ಳೆಯ ಹೆಂಗಸು.

ಅಮಾವಾಸ್ಯೆ ಕಳೆದ ಮೇಲೆ ಬರುತ್ತೇನೆ.

ವಾಣಿ

---

ಹನುಮಂತನಗರ
24 ಜುಲೈ 2025, ಭೀಮನ ಅಮಾವಾಸ್ಯೆ

ಅತ್ತೆ,

ನಿಮ್ಮ ಪತ್ರ ಮತ್ತೆ ಮತ್ತೆ ಓದಿದೆ. ಪತ್ರವನ್ನು ಮಾವನ ಫೋಟೋ ಹಿಂದೆ ಇಟ್ಟಿದ್ದೇನೆ, ಸರಿಯೋ ತಪ್ಪೋ ಗೊತ್ತಿಲ್ಲ.

ಇವತ್ತು ಗಂಡನ ಪಾದಪೂಜೆ. ಎಷ್ಟು ಕನಸು ಕಂಡಿದ್ದೆ, ಸೀರೆ ಕೂಡ ತೆಗೆದಿಟ್ಟಿದ್ದೆ! ಲಿಖಿತ್ ಕಾಲಿಗೆ ಅರಿಸಿನ ಹಚ್ಚುತ್ತಾ ಹಚ್ಚುತ್ತಾ ನಿದ್ದೆ ಹೋದೆ. "ಪೂಜೆ ಮುಗೀತಾ, ಇಲ್ಲಾ ಕಾಲು ಹಿಂಗೇ ಇಟ್ಕೊಂಡಿರ್ಲಾ?" ಅಂತ ಕೇಳಿದರು ಪಾಪ.

ಮಂಕಿನ ಕೆಳಗಿನ ಮೊಗ್ಗೊಂದು ಇವತ್ತು ಅರಳಿತು. ಎರಡೂ ಗಿಡದ ದಳಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಪೊರೆ ಸುಲಿದು, ಲ್ಯಾಬಿನಿಂದ ತಂದ ಚಿಕ್ಕ ಮೈಕ್ರೋಸ್ಕೋಪಿನಲ್ಲಿ ಅಚ್ಚು ನೋಡಿದೆ. ಮಖಮಲ್ಲಿನದು ಹಲಸಿನಕಾಯಿಯ ಸಿಪ್ಪೆಯ ಹಾಗೆ, ಮುಳ್ಳು ಮುಳ್ಳು, ಎಲ್ಲ ಎದ್ದು ನಿಂತಿವೆ. ಮಂಕಿನದು ಬಚ್ಚಲಮನೆಯ ಟೈಲ್ಸ್. ಹೇಗಿದೆ ಅನ್ನುವುದು ಅರಳಿದ ಮೇಲೂ ಕಾಣಿಸುತ್ತದೆ. ಯಾಕೆ ಹೀಗಾಯಿತು ಅನ್ನುವುದನ್ನು ಮೊಗ್ಗಿದ್ದಾಗಲೇ ಕೇಳಬೇಕಿತ್ತು.

ನೀವು ಹೇಳಿದ ತುದಿಯ ಮೊಗ್ಗು ಸಿಕ್ಕಿತು. ಸರಿಯಾಗಿ ಕಡಲೆಕಾಳು. ಕತ್ತರಿಸಿ ಟ್ಯೂಬಿಗೆ ಹಾಕಿದೆ, ಫ್ರಿಜ್ಜಿನಲ್ಲಿ ನಿಮ್ಮ ನಿಂಬೆಹಣ್ಣಿನ ಪಕ್ಕದಲ್ಲಿದೆ. ಒಂದೇ ಮೊಗ್ಗನ್ನು ನಂಬಿ ಏನೂ ಹೇಳುವ ಹಾಗಿಲ್ಲ ಅಂತ ಗೈಡ್ ಅಂದರು. ಪ್ರಬಂಧದಲ್ಲಿ ಆ ಅಧ್ಯಾಯದ ಕೊನೆಗೆ "ಕಾರಣ ತಿಳಿದುಬಂದಿಲ್ಲ" ಅಂತ ಬರೆದು ಡಿಸೆಂಬರಿಗೆ ಕೊಟ್ಟುಬಿಡುತ್ತೇನೆ. ಐದು ವರ್ಷದ ಕೊನೆಗೆ ಎರಡು ಪದ. ನೋಯುತ್ತದೆ, ಅತ್ತೆ. ಇಲ್ಲ ಅನ್ನುವುದಿಲ್ಲ.

ನಾಳೆಯಿಂದ ಶ್ರಾವಣ. ಇಬ್ಬರೂ ಒಂದೇ ಹೊಸ್ತಿಲು ದಾಟಬಹುದು. ಆದರೂ ನೀವು ಗೌರಿ ಹಬ್ಬದ ತನಕ ಅಲ್ಲೇ ಇರಿ. ಅಮ್ಮನಿಗೆ ಹೇಳಿದ್ದೇನೆ, ಚೀಲ ಬೀರುವಿನ ಮೇಲಿಂದ ಇಳಿಸುವುದಿಲ್ಲ.

ಇವತ್ತು ದೀಪ ಹಚ್ಚಿದಾಗ ಅಜ್ಜಿ ಕೇಳಿದರು. "ಸೈಟ್ ಹತ್ರ ಹೋಗಿದಾರೆ ಅಜ್ಜಿ, ಬರ್ತಾರೆ" ಅಂದೆ. "ಊಟ ಮಾಡ್ಕೊಂಡು ಹೋದ್ನಾ?" ಅಂದರು. "ಮಾಡಿದ್ರು" ಅಂದೆ. ಸೆರಗಿನ ಬೀಗದ ಕೈ ಮುಟ್ಟಿ ನೋಡಿಕೊಂಡು, ನಾನು ಬಂದ ಮೇಲೆ ಮೊದಲ ಸಲ, "ವಾಣಿ ಎಲ್ಲಿ?" ಅಂತ ಕೇಳಿದರು. ಇದಕ್ಕೆ ನೀವು ಉತ್ತರ ಬರೆದಿರಲಿಲ್ಲ.

"ಮಲಗಿದಾರೆ ಅಜ್ಜಿ" ಅಂದೆ. "ಎಬ್ಬಿಸ್ಲಾ?"

"ಬೇಡ ಬಿಡೇ," ಅಂದರು. "ಮಲಗ್ಲಿ."

ನಿಮ್ಮ
ಯಶು